ಅಂಚಿನ ಟಿಪ್ಪಣಿ

ಕಳೆದ ಮಳೆಗಾಲದಲ್ಲಿ ಹಳೇ ಪೇಪರ್ ಅಂಗಡಿಯ ತಕ್ಕಡಿಯ ಮೇಲೆ ಕಿಟ್ಟೆಲ್ ನಿಘಂಟು ಕಂಡಿತು. ಆಗಷ್ಟೇ ತೀರಿಕೊಂಡಿದ್ದ ಪಂಡಿತರೊಬ್ಬರ ಮನೆಯಿಂದ ಬಂದ ರಾಶಿ ಅದು. ‘ಗಾವುಂಡ’ ಪದದ ಪಕ್ಕ, ಅಂಚಿನಲ್ಲಿ, ನೇರಳೆ ಶಾಯಿಯ ಪುಟ್ಟ ಅಕ್ಷರ: ‘ಎ.ಕ. 7, ನನ್ನ ಟಿಪ್ಪಣಿ ನೋಡು’. ಅಂದರೆ ಶಾಸನಗಳ ಸಂಕಲನ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟ. ರಾಶಿಯನ್ನೆಲ್ಲ ಮಗುಚಿ ಹುಡುಕಿದೆ. ಆ ಸಂಪುಟ ಹಿಂದಿನ ದಿನವೇ ಲಾರಿ ಹತ್ತಿತ್ತು.

ವಿದ್ವಾಂಸನ ಮನೆಯಲ್ಲಿ ಪುಸ್ತಕಗಳು ಒಂದರ ಕಡೆಗೆ ಇನ್ನೊಂದು ಬೆರಳು ತೋರಿಸುತ್ತಿರುತ್ತವೆ. ಅವನ್ನು ಬೇರ್ಪಡಿಸಿದರೆ ಆ ಮಾತುಕತೆ ನಿಂತುಹೋಗುತ್ತದೆ.

ಮಂಜೇಶ್ವರದ ಕವಿ, ಸಂಶೋಧಕ ಗೋವಿಂದ ಪೈಗಳ ಪುಸ್ತಕ ಸಂಗ್ರಹ ನನಗೆ ಮುಖ್ಯವಾಗುವುದು ಈ ಕಾರಣಕ್ಕೆ. ತಂದೆಯ ಸಾವಿನಿಂದ ಬಿ.ಎ. ಅರ್ಧಕ್ಕೆ ಬಿಟ್ಟವರು ಅವರು. ಆಮೇಲೆ ಮನೆಯ ಪುಸ್ತಕಗಳೇ ವಿಶ್ವವಿದ್ಯಾಲಯ. ಹತ್ತಾರು ಭಾಷೆ, ಶಾಸನ, ಜೈನ ಗ್ರಂಥ, ಯೇಸುವಿನ ಕಥೆ ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಪ್ರಹಸನವೊಂದು 1903ರಲ್ಲಿ ಅಚ್ಚಾಯಿತು. ಗ್ರೀಕ್ ಹುಡುಗಿಯೊಬ್ಬಳು ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಕಥೆ. ಅದರಲ್ಲಿ ಬರುವ ಪರಭಾಷೆಯ ಮಾತು ಕನ್ನಡವೇ ಎಂಬ ಚರ್ಚೆಗೆ ಪೈಗಳೂ ಕೈಹಾಕಿದರು. ಅಂಥ ಪ್ರಶ್ನೆಗೆ ಗ್ರೀಕ್ ವ್ಯಾಕರಣ, ಹಳಗನ್ನಡ ಕಾವ್ಯ, ತುಳು ಮಾತು, ಹಳೆಯ ಬಂದರುಗಳ ಹೆಸರು ಎಲ್ಲವೂ ಕೈಗೆಟಕುವಷ್ಟು ಹತ್ತಿರ ಇರಬೇಕು. ಬೇರೆಬೇರೆಯಾದರೆ ಅವು ಬರಿಯ ಹಳೆಯ ಪುಸ್ತಕಗಳು. ಒಂದೇ ಗೋಡೆಗೆ ಆತುಕೊಂಡಿದ್ದರೆ ಒಬ್ಬ ಮನುಷ್ಯ ಯೋಚಿಸಿದ ಬಗೆ.

1963ರಲ್ಲಿ ಅವರು ತೀರಿಕೊಂಡ ಮೇಲೆ ಆ ಗ್ರಂಥರಾಶಿ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು. ಮುಂದೆ ಪ್ರಾಂಶುಪಾಲ ಕು.ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ ಅಲ್ಲಿಯೇ ಗೋವಿಂದ ಪೈ ಸಂಶೋಧನ ಕೇಂದ್ರ ಬೆಳೆಯಿತು. ಕೊಟ್ಟವರ ಔದಾರ್ಯ ದೊಡ್ಡದು. ಇಸಿದುಕೊಂಡವರ ಹೊಣೆ ಅದಕ್ಕಿಂತ ದೊಡ್ಡದು.

ಆದ್ದರಿಂದ ಮನೆಯಲ್ಲಿ ಹಿರಿಯರ ಕಪಾಟು ಇರುವವರಲ್ಲಿ ನನ್ನ ಕೋರಿಕೆ: ಅವರು ಇರುವಾಗಲೇ ಪಟ್ಟಿ ಮಾಡಿ. ಯಾವ ಪುಸ್ತಕದ ಪಕ್ಕ ಯಾವುದಿತ್ತೆಂದು ಫೋಟೊ ತೆಗೆದಿಡಿ. ಒಳಗಿನ ಚೀಟಿಗಳನ್ನು ಉದುರಿಸಬೇಡಿ. ಸ್ವೀಕರಿಸುವ ಸಂಸ್ಥೆಯವರು ‘ಇದರ ಪ್ರತಿ ನಮ್ಮಲ್ಲಿದೆ’ ಎಂದು ವಿಲೇವಾರಿ ಮಾಡಬಾರದು. ಹೊಸ ರಟ್ಟು ಕಟ್ಟಿಸುವಾಗ ಅಂಚು ಕತ್ತರಿಸಲೂಬಾರದು. ಬರಹವಿರುವುದು ಆ ಅಂಚಿನಲ್ಲಿ.

ಏಳನೆಯ ಸಂಪುಟವನ್ನು ಆಮೇಲೆ ಬೇರೆಡೆ ಕೊಂಡು ತಂದು ಕಿಟ್ಟೆಲ್ ಪಕ್ಕ ಇಟ್ಟಿದ್ದೇನೆ. ಒಳ್ಳೆಯ ಪ್ರತಿ, ಒಂದು ಹಾಳೆಯೂ ಮಾಸಿಲ್ಲ. ಅಂಚುಗಳು ಮಾತ್ರ ಖಾಲಿ.