ಮಳೆಯ ಹಾಡು, ಮಳೆಯ ನಾಡು: ಹಿಂದೀ ಚಿತ್ರಗೀತೆಗಳ ಒಂದು ಔಚಿತ್ಯವಿಚಾರ

ಕಾವ್ಯದಲ್ಲಿ ಋತುವರ್ಣನೆಗೆ ಇರುವ ಸ್ಥಾನವನ್ನು ಕುರಿತು ನಮ್ಮ ಆಲಂಕಾರಿಕರು ವಿಸ್ತಾರವಾಗಿ ವಿಚಾರಮಾಡಿದ್ದಾರೆ. ಚಲಚ್ಚಿತ್ರದಲ್ಲಿ ಅದಕ್ಕೆ ಸಮಾನವಾದುದು ಯಾವುದೆಂದು ಕೇಳಿದರೆ ಹಿಂದೀ ಚಿತ್ರಗಳ ಮಳೆಯ ಹಾಡನ್ನು ಮೊದಲು ಹೆಸರಿಸಬೇಕಾಗುತ್ತದೆ. ನಾಯಕ ನಾಯಿಕೆಯರು ಮಳೆಯಲ್ಲಿ ಸಿಲುಕುವುದು, ಸಂಕೋಚವು ಕಳಚುವುದು, ಮಾತು ಹಾಡಾಗುವುದು, ಇವು ಎಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದ ಒಂದು ಕವಿಸಮಯವೇ ಆಗಿವೆ. ಈ ಕವಿಸಮಯವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ನಿಂತು ಪರಿಶೀಲಿಸುವುದು ಈ ಬರಹದ ಉದ್ದೇಶ. ವರ್ಷದ ನಾಲ್ಕು ತಿಂಗಳನ್ನು ಮಳೆಯೊಳಗೇ ಕಳೆಯುವ ಜನರಿಗೆ ಈ ದೃಶ್ಯಗಳು ಏನನ್ನು ಕೊಡುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬುದೇ ನಮ್ಮ ಪ್ರಶ್ನೆ.

ಶಾಸ್ತ್ರದ ಪರಿಭಾಷೆಯಲ್ಲಿ ಮಳೆಯು ಶೃಂಗಾರಕ್ಕೆ ಉದ್ದೀಪನವಿಭಾವ. ಆದರೆ ನಮ್ಮ ಪ್ರಾಚೀನ ಕಾವ್ಯದಲ್ಲಿ ಅದು ಹೆಚ್ಚಾಗಿ ಉದ್ದೀಪಿಸುವುದು ವಿಪ್ರಲಂಭವನ್ನು. ಕಾಳಿದಾಸನ ಯಕ್ಷನು ಆಷಾಢದ ಮೋಡವನ್ನು ಕಂಡು ನೆನೆಯುವುದು ದೂರದ ಅಳಕೆಯಲ್ಲಿರುವ ಪ್ರಿಯೆಯನ್ನು. ಇದಕ್ಕೆ ಲೌಕಿಕವಾದ ಕಾರಣವೂ ಉಂಟು. ಮಳೆಗಾಲದಲ್ಲಿ ಹೊಳೆ ತುಂಬಿ ದಾರಿ ಮುಚ್ಚುತ್ತಿದ್ದವು. ಪರಸ್ಥಳಕ್ಕೆ ಹೋದವನು ಅದಕ್ಕೆ ಮುಂಚೆ ಮನೆ ಸೇರದಿದ್ದರೆ ತಿಂಗಳುಗಟ್ಟಲೆ ಅಗಲಿಕೆ ತಪ್ಪುತ್ತಿರಲಿಲ್ಲ. ಹಿಂದೀ ಚಿತ್ರವು ಈ ಸಂಪ್ರದಾಯವನ್ನು ಬಹುಮಟ್ಟಿಗೆ ತಿರುಗಿಸಿತು. ಅದರ ಮಳೆ ನಗರದ ಮಳೆ. ಅದು ದಾರಿಯನ್ನು ಮುಚ್ಚಿ ಅಗಲಿಸುವುದಿಲ್ಲ. ಅಪರಿಚಿತರಿಬ್ಬರನ್ನು ಒಂದು ಸೂರಿನ ಕೆಳಗೆ ನಿಲ್ಲಿಸುತ್ತದೆ. ಕಾವ್ಯದಲ್ಲಿ ಋತುವಾಗಿದ್ದುದು ಇಲ್ಲಿ ಘಟನೆಯಾಯಿತು.

1955ರ ‘ಶ್ರೀ 420’ ಚಿತ್ರದ ಮಳೆಯ ಹಾಡನ್ನು ಮೊದಲು ನೋಡೋಣ. ಶೈಲೇಂದ್ರರ ರಚನೆ, ಶಂಕರ್-ಜೈಕಿಶನ್ ಅವರ ಸಂಗೀತ, ಮನ್ನಾ ಡೇ ಮತ್ತು ಲತಾ ಮಂಗೇಶ್ಕರ್ ಅವರ ಕಂಠ. ರಾಜ್ ಕಪೂರ್ ಮತ್ತು ನರ್ಗಿಸ್ ಅಭಿನಯಿಸಿದ ಪ್ರೇಮಿಗಳಿಗೆ ಇರುವುದು ಒಂದೇ ಕೊಡೆ. ಹತ್ತಿರದಲ್ಲಿ ಬೀದಿಯ ಚಹಾದವನಿದ್ದಾನೆ. ಮಳೆಯಂಗಿ ತೊಟ್ಟ ಮೂವರು ಮಕ್ಕಳು ಎದುರು ಹಾದುಹೋಗುತ್ತಾರೆ. ಇಬ್ಬರೂ ಬಡವರು. ಪ್ರೀತಿಯನ್ನು ಒಪ್ಪಿಕೊಂಡ ಮೇಲೂ ಮನಸ್ಸು ಏಕೆ ಅಂಜುತ್ತದೆಂಬ ಶಂಕೆ ಹಾಡಿನಲ್ಲಿಯೇ ಇದೆ. ಒಂದು ಕೊಡೆಯನ್ನು ಹಂಚಿಕೊಳ್ಳುವುದು ಇಲ್ಲಿ ಶೃಂಗಾರಚೇಷ್ಟೆಯೂ ಹೌದು, ಆಸರೆಯಿಲ್ಲದ ಇಬ್ಬರು ಬಾಳನ್ನು ಹಂಚಿಕೊಳ್ಳುವ ಪ್ರತಿಜ್ಞೆಯೂ ಹೌದು. ಮಳೆಗೆ ತನ್ನ ಭಾರವಿದೆ. ಆದುದರಿಂದಲೇ ಕೊಡೆಗೆ ಅರ್ಥವಿದೆ.

1958ರ ‘ಚಲ್ತೀ ಕಾ ನಾಮ್ ಗಾಡೀ’ ಚಿತ್ರದಲ್ಲಿ ನೆನೆದು ಬಂದ ಮಧುಬಾಲಾ ರಾತ್ರಿಯ ವೇಳೆ ಮೋಟಾರು ದುರಸ್ತಿಯ ಅಂಗಡಿಯ ಬಾಗಿಲಿಗೆ ಬರುತ್ತಾಳೆ. ಕಿಶೋರ್ ಕುಮಾರ್ ಹಾಡುತ್ತ ತನ್ನ ಹತಾರಗಳನ್ನೇ ತಾಳವಾದ್ಯ ಮಾಡಿಕೊಳ್ಳುತ್ತಾನೆ. ಮಳೆ ಹೊರಗಿದೆ, ಕೆಲಸ ಒಳಗಿದೆ, ಹಾಸ್ಯವು ಎರಡನ್ನೂ ಕೂಡಿಸಿದೆ. 1960ರ ‘ಬರ್ಸಾತ್ ಕೀ ರಾತ್’ ಇನ್ನೂ ಸೂಕ್ಷ್ಮವಾದುದು. ಸಾಹಿರ್ ಲುಧಿಯಾನ್ವಿ ಬರೆದು ರೋಶನ್ ಸಂಗೀತ ಕೊಟ್ಟ ಅದರ ಪ್ರಸಿದ್ಧ ಗೀತೆಯನ್ನು ಕವಿನಾಯಕನು ಮಳೆಯಲ್ಲಿ ನಿಂತು ಹಾಡುವುದಿಲ್ಲ. ಕಳೆದುಹೋದ ಒಂದು ಮಳೆಯ ರಾತ್ರಿಯನ್ನು ಸ್ಮರಿಸುತ್ತ ಆಕಾಶವಾಣಿಯಲ್ಲಿ ಹಾಡುತ್ತಾನೆ. ಘಟನೆ ಸ್ಮೃತಿಯಾದಾಗ ಅದು ಮತ್ತೆ ವಿಪ್ರಲಂಭದ ಕಡೆಗೆ ಹೊರಳಿತು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

1969ರ ‘ಆರಾಧನಾ’ದಲ್ಲಿ ಮಳೆಯು ಪ್ರೇಮಿಗಳನ್ನು ಒಂದು ಕೋಣೆಗೆ ಅಟ್ಟುತ್ತದೆ, ಒಂದೇ ಓಟದಲ್ಲಿ ಚಿತ್ರೀಕರಿಸಿದ ಆ ಹಾಡಿನ ಫಲವನ್ನು ನಾಯಿಕೆಯು ಚಿತ್ರದ ಉಳಿದ ಭಾಗದುದ್ದಕ್ಕೂ ಹೊರುತ್ತಾಳೆ. ಆದರೆ ಈ ಮಾದರಿ ಮುಂದೆ ಸವೆಯಿತು. ಒದ್ದೆಯಾದ ಸೀರೆಯ ಹೊರತು ಮಳೆಯಿಂದ ಬೇರೇನೂ ಸಂಭವಿಸದಂಥ ಹಾಡುಗಳು ಹೇರಳವಾದುವು. ಅಲ್ಲಿ ಮಳೆ ಕೊಳವೆಯಿಂದ ಬೀಳುತ್ತದೆಂಬುದು ನಮ್ಮ ಆಕ್ಷೇಪವಲ್ಲ. ನಿಜವಾದ ಮಳೆ ಛಾಯಾಗ್ರಹಣದಲ್ಲಿ ಸುಲಭವಾಗಿ ಕಾಣಿಸದು. ದೊಡ್ಡ ಹನಿ, ಹಿಂದಿನಿಂದ ಬೀಳುವ ಬೆಳಕು ಇವು ಕಲೆಯ ಅವಶ್ಯಕತೆಗಳು. ಆಕ್ಷೇಪವೇನೆಂದರೆ, ಹಾಡು ಮುಗಿದೊಡನೆ ಮಳೆಯೂ ನಿಲ್ಲುತ್ತದೆ. ಯಾರ ಮನೆಯೂ ಸೋರುವುದಿಲ್ಲ. ಇದಕ್ಕೆ ಅಪವಾದವಾಗಿ 1979ರ ‘ಮಂಜಿಲ್’ ನಿಲ್ಲುತ್ತದೆ. ಬಾಸು ಚಟರ್ಜಿಯವರು ಅಮಿತಾಭ್ ಬಚ್ಚನ್ ಮತ್ತು ಮೌಶುಮಿ ಚಟರ್ಜಿಯವರನ್ನು ಮುಂಬಯಿಯ ನಿಜವಾದ ಮಳೆಯಲ್ಲಿಯೇ ನಡೆಸಿದರು. ಅಲ್ಲಿ ಪ್ರೇಮಿಗಳಷ್ಟೇ ನಗರವೂ ನೆನೆಯುತ್ತದೆ.

ಹಿಂದೀ ಚಿತ್ರದಲ್ಲಿ ಇನ್ನೊಂದು ಮಳೆಯೂ ಉಂಟು: ಬೇಸಾಯಗಾರನ ಮಳೆ. ಬಿಮಲ್ ರಾಯ್ ಅವರ ‘ದೋ ಬಿಘಾ ಜಮೀನ್’ (1953) ಚಿತ್ರದಲ್ಲಿ ಬರದ ಅನಂತರ ಬಂದ ಮಳೆಗೆ ಹಳ್ಳಿಯೇ ಕುಣಿಯುತ್ತದೆ. ‘ಗೈಡ್’ (1965) ಚಿತ್ರದ ಕೊನೆಯಲ್ಲಿ ಉಪವಾಸ ಕುಳಿತ ರಾಜು ಮಳೆ ಬರುವಾಗ ಪ್ರಾಣಬಿಡುತ್ತಾನೆ. ‘ಲಗಾನ್’ (2001) ಚಿತ್ರದಲ್ಲಿ ಮೋಡವನ್ನು ಕಂಡು ಹಾಡಿದ ಜನ ಅದು ಸುರಿಯದೆ ಹೋಗುವುದನ್ನು ನೋಡುತ್ತ ನಿಲ್ಲುತ್ತಾರೆ. ಆದರೆ ಇವೆಲ್ಲವೂ ಮಳೆಯಿಲ್ಲದ ಬಯಲುಸೀಮೆಯ ಕಥೆಗಳು. ಮಳೆ ಬಾರದಿರುವುದೇ ಅಲ್ಲಿಯ ದುಃಖ. ಹೀಗೆ ಹಿಂದೀ ಚಿತ್ರದ ಮಳೆ ನಗರಕ್ಕೆ ಅತಿಥಿ, ಬಯಲಿಗೆ ವರ. ಎರಡೂ ಕಡೆ ಅದು ಬಂದುಹೋಗುವ ವಸ್ತು. ಬಂದು ನೆಲೆಸುವ ಮಳೆಗೆ ಅದರಲ್ಲಿ ಹಾಡು ವಿರಳ.

ನಮ್ಮ ಮೂರು ತಾಲ್ಲೂಕುಗಳ ಮಳೆ ನೆಲೆಸುವ ಮಳೆ. ಮೃಗಶಿರೆಯಿಂದ ಮಘೆಯವರೆಗೆ ಜನ ಅದನ್ನು ನಕ್ಷತ್ರದ ಹೆಸರಿನಿಂದ ಎಣಿಸುತ್ತಾರೆ. ಅಡಕೆಯ ತೋಟಕ್ಕೆ ನೀರು ಬೇಕು. ಅದೇ ನೀರು ಹೆಚ್ಚಾದರೆ ಕೊಳೆರೋಗ ತಗುಲಿ ಎಳೆಯ ಕಾಯಿ ಉದುರುತ್ತದೆ. ಇದನ್ನು ತಡೆಯಲು ಮೈಲುತುತ್ತ ಮತ್ತು ಸುಣ್ಣವನ್ನು ಕೂಡಿಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವುದಕ್ಕೆ ಮುಂಚೆ ಒಮ್ಮೆ, ಸುಮಾರು 40–45 ದಿನಗಳ ಮೇಲೆ ಮತ್ತೊಮ್ಮೆ ಸಿಂಪಡಿಸಬೇಕು. ಎರಡನೆಯ ಮದ್ದಿಗೆ ಹೊಳವಾಗುವುದನ್ನೇ ಮನೆಮಂದಿ ಕಾಯುತ್ತಾರೆ. ಕೊನೆಗೌಡನು ಜಾರುವ ಮರವನ್ನು ಹತ್ತಬೇಕಾಗುತ್ತದೆ. ಅಡಕೆಯ ಗೊನೆಗೆ ಕೊಟ್ಟೆ ಕಟ್ಟುವ ಪದ್ಧತಿಯೂ ಇದೇ ಭಯದಿಂದ ಬಂದುದು. ಇಲ್ಲಿಯ ಪ್ರೇಕ್ಷಕನಿಗೆ ಬೇಕಾದ ಶುಭಗಳಿಗೆಯೆಂದರೆ ಮಳೆ ಬೀಳುವ ಗಳಿಗೆಯಲ್ಲ, ಅದು ಬಿಡುವ ಗಳಿಗೆ.

ಇಲ್ಲಿಯ ಕಲೆಯೂ ಇದನ್ನು ಅರಿತಿದೆ. ಮಳೆಗಾಲ ಬರುವ ಮುನ್ನ ಯಕ್ಷಗಾನ ಮೇಳಗಳ ತಿರುಗಾಟ ನಿಲ್ಲುತ್ತದೆ. ಬಯಲಿನ ರಂಗಸ್ಥಳ ಇಲ್ಲವಾದಾಗ ಜಗಲಿಯಲ್ಲಿ ತಾಳಮದ್ದಲೆ ಕೂಡುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದ ಮತ್ತು ಅರ್ಥಧಾರಿಗಳ ಮಾತು ಮಾತ್ರ. ಹಿಂದೀ ಚಿತ್ರದಲ್ಲಿ ಮಳೆಯು ಮಾತನ್ನು ಹಾಡಾಗಿಸಿ ಕುಣಿಸುತ್ತದೆ; ಇಲ್ಲಿ ಅದು ಕುಣಿತವನ್ನು ಕಳೆದು ಮಾತನ್ನು ಉಳಿಸುತ್ತದೆ. ಶಿರಸಿ ತಾಲ್ಲೂಕಿನಲ್ಲೇ ಇರುವ ಬನವಾಸಿಯನ್ನು ಪಂಪನು ಹತ್ತನೆಯ ಶತಮಾನದಲ್ಲಿ ಹಂಬಲಿಸಿ ನೆನೆದಾಗ ಅವನ ನೆನಪಿಗೆ ಬಂದವು ತೆಂಕಣ ಗಾಳಿ, ಅರಳಿದ ಮಲ್ಲಿಗೆ, ವಸಂತೋತ್ಸವ. ಈ ನೆಲದ ಅತಿಪ್ರಸಿದ್ಧವಾದ ಅನುರಾಗವು ವಸಂತದ್ದೇ ಹೊರತು ಮಳೆಗಾಲದ್ದಲ್ಲ.

ಹಾಗಾದರೆ ಮಲೆನಾಡಿನ ಮಳೆಯಲ್ಲಿ ಪ್ರಣಯಗೀತೆ ಅನುಚಿತವೇ? ಅಲ್ಲವೆಂಬುದಕ್ಕೆ 2006ರ ಡಿಸೆಂಬರಿನಲ್ಲಿ ತೆರೆಕಂಡ ‘ಮುಂಗಾರು ಮಳೆ’ ನಿದರ್ಶನ. ಯೋಗರಾಜ ಭಟ್ಟರ ಈ ಚಿತ್ರದಲ್ಲಿ ಜೋಗದ ದೃಶ್ಯವಿದೆ. ಆ ಜಲಪಾತವು ಸಿದ್ದಾಪುರ ಮತ್ತು ಸಾಗರ ತಾಲ್ಲೂಕುಗಳ ಗಡಿಯಲ್ಲಿದೆ. ಅದರ ಗೀತಕಾರರಲ್ಲಿ ಒಬ್ಬರಾದ ಜಯಂತ ಕಾಯ್ಕಿಣಿಯವರು ಇದೇ ಜಿಲ್ಲೆಯ ಗೋಕರ್ಣದವರು. ಚಿತ್ರದಲ್ಲಿ ಮಳೆ ಒಂದು ಹಾಡಿಗೆ ಬಂದುಹೋಗದೆ ಕಥೆಯುದ್ದಕ್ಕೂ ಹಿಡಿದುಕೊಂಡಿರುತ್ತದೆ. ಪ್ರೇಮವು ಮಿಲನದಲ್ಲಲ್ಲದೆ ತ್ಯಾಗದಲ್ಲಿ ಮುಗಿಯುತ್ತದೆ. ಘಟನೆಯಾಗಿದ್ದ ಮಳೆ ಮತ್ತೆ ಋತುವಾದೊಡನೆ ಶೃಂಗಾರವು ತಾನಾಗಿ ವಿಪ್ರಲಂಭಕ್ಕೆ ಮರಳಿತು. ಇದನ್ನು ಆ ಚಿತ್ರದ ಮುಖ್ಯ ಸಿದ್ಧಿಯೆಂದು ನಾವು ಎಣಿಸುತ್ತೇವೆ. ಆದರೂ ಅದರ ಮಳೆ ನೋಡಲು ಬಂದವನ ಮಳೆ. ಅದರಲ್ಲಿ ಬಾಳಿ ಬದುಕುವವನ ದುಡಿಮೆ ಅಲ್ಲಿ ಹಿನ್ನೆಲೆಗೂ ಬಾರದು.

ಪ್ರಣಯಚಿತ್ರದಲ್ಲಿ ಕೊಳೆರೋಗವನ್ನು ಹುಡುಕುವುದು ಅರಸಿಕತೆಯೆಂದು ಕೆಲವರು ಹೇಳಬಹುದು. ಚಿತ್ರವು ಕೃಷಿಪಾಠವಾಗಲಿ ಎಂಬುದು ನಮ್ಮ ಆಶಯವಲ್ಲ. ಅನೌಚಿತ್ಯಕ್ಕಿಂತ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಆನಂದವರ್ಧನನು ನಿರ್ಣಯಿಸಿದ್ದಾನೆ. 2021ರ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಕುಸಿದು ಮನೆ ತೋಟಗಳು ಮಣ್ಣುಪಾಲಾದುವು. ಅಂಥ ಊರಿನಿಂದ ಬಂದ ವಿದ್ಯಾರ್ಥಿಯು ನಮ್ಮ ತರಗತಿಯಲ್ಲಿ ಕುಳಿತಿದ್ದಾಗ, ಮಳೆಯೆಂದರೆ ಹರ್ಷವೆಂಬ ಏಕೈಕ ಅರ್ಥವನ್ನು ನಾವು ಪಾಠಮಾಡಿದರೆ, ಅವನ ಅನುಭವವೇ ತಪ್ಪೆಂದು ಹೇಳಿದಂತಾಗುತ್ತದೆ. ‘ಶ್ರೀ 420’ರ ಹಾಡು ಅವನನ್ನು ಹೊರಗಿಡುವುದಿಲ್ಲ. ಅದರ ಪ್ರೇಮಿಗಳಿಗೆ ಮಳೆಯೆಂದರೆ ಏನೆಂಬುದು ಗೊತ್ತು. ಗೊತ್ತಿದ್ದೂ ಅವರು ಹಾಡುತ್ತಾರೆ.

ಆದುದರಿಂದ ಮಳೆಯ ದೃಶ್ಯವನ್ನು ಅಳೆಯಲು ಮೂರು ಪ್ರಶ್ನೆಗಳನ್ನು ನಾವು ಸೂಚಿಸುತ್ತೇವೆ. ಈ ಮಳೆಯಲ್ಲಿ ಆಸರೆ ಯಾರಿಗಿದೆ, ಯಾರಿಗಿಲ್ಲ? ಹಾಡು ಮುಗಿದ ಮೇಲೆ ಅದರಿಂದ ಏನಾದರೂ ಉಳಿಯುತ್ತದೆಯೆ? ಅದು ನಿಲ್ಲಲೆಂದು ಕಾಯುವವನಿಗೆ ಆ ದೃಶ್ಯದಲ್ಲಿ ಸ್ಥಳವುಂಟೆ? ಇವುಗಳಿಗೆ ಉತ್ತರವಿರುವ ಹಾಡುಗಳು ಸಂಖ್ಯೆಯಲ್ಲಿ ಕಡಮೆಯಾದರೂ ಬಾಳುವಂಥವು. ಪುನರ್ವಸು ಮಳೆ ಹಂಚಿನ ಮೇಲೆ ಸುರಿಯುತ್ತಿರುವಾಗ ನಮ್ಮ ವಿದ್ಯಾರ್ಥಿಗಳು ಇವನ್ನು ಮತ್ತೊಮ್ಮೆ ಕೇಳಿ ನೋಡಲಿ. ಯಾವ ಹಾಡು ಆ ಸದ್ದಿನೊಡನೆ ನಿಲ್ಲಬಲ್ಲದೆಂಬುದನ್ನು ತಾವೇ ನಿರ್ಣಯಿಸಲಿ.