ಬಲಗಾಲಿಗೆ ಕೆಲಸ ಕೊಡಿ

ಈ ವಾರ ಎಚ್‌ಎಎಲ್‌ನ ತರಬೇತಿ ವಿಮಾನ ಎಚ್‌ಟಿಟಿ-40ರ ಕಾಕ್‌ಪಿಟ್ ಬಗ್ಗೆ ಬರೆಯುತ್ತೇನೆ ಅಂದಿದ್ದೆ. ಅದು ಕಾಯಲಿ. ‘ರಫೇಲ್ ಹಾರಿಸಬೇಕಾದ ಹುಡುಗರಿಗೆ ಇನ್ನೂ ಫ್ಯಾನ್ ಕಟ್ಟಿದ ವಿಮಾನ ಯಾಕೆ ಸ್ವಾಮಿ?’ ಎಂದು ಓದುಗರೊಬ್ಬರು ಕೇಳಿದ್ದಾರೆ. ‘ಮೊದಲ ದಿನದಿಂದಲೇ ಜೆಟ್’ ಪಂಥದ ಹಳೇ ರಾಗ ಇದು. ಕೇಳಿದಾಗಲೆಲ್ಲ ನನಗೆ ಕೈ ತುರಿಸುತ್ತದೆ.

ಜೆಟ್ ಪ್ರೊವೋಸ್ಟ್‌ನಲ್ಲೇ ಅಕ್ಷರಾಭ್ಯಾಸ ಮಾಡಿಸಿ ಈ ಪಂಥಕ್ಕೆ ಮರ್ಯಾದೆ ತಂದವರು ಬ್ರಿಟಿಷರು. 1985ರಲ್ಲಿ ಅವರೇ ಫ್ಯಾನ್ ಕಟ್ಟಿದ ಟರ್ಬೊಪ್ರಾಪ್ ಟುಕಾನೊಗೆ ಮರಳಲು ತೀರ್ಮಾನಿಸಿದರು. ನಾವೂ ಹೊಸಬರನ್ನು ಜೆಟ್‌ನಲ್ಲಿ ಕೂರಿಸಿದ್ದುಂಟು, ಗತಿಯಿಲ್ಲದೆ. 2009ರಲ್ಲಿ ನಮ್ಮ ಫ್ಯಾನಿನ ತರಬೇತಿ ವಿಮಾನ ದೀಪಕ್‌ಗಳ ಹಾರಾಟ ನಿಂತಿತು. 2013ರಲ್ಲಿ ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಟರ್ಬೊಪ್ರಾಪ್ ಪಿಲಾಟಸ್ ಬರುವ ತನಕ ಕಿರಣ್ ಜೆಟ್ಟೇ ಒಂದನೇ ತರಗತಿ. ಅದೇ ದೀಪಕ್‌ಗೆ ಟರ್ಬೊಪ್ರಾಪ್ ಎಂಜಿನ್ ಕೂರಿಸಿದ ಎಚ್‌ಟಿಟಿ-34 ಬೆಂಗಳೂರಿನಲ್ಲಿ 1984ರಲ್ಲೇ ಹಾರಿತ್ತು. ಯಾರೂ ಕೊಳ್ಳಲಿಲ್ಲ. ಈ ಹೊಟ್ಟೆಯುರಿ ನನಗೆ ಇನ್ನೂ ಇಳಿದಿಲ್ಲ.

ಪ್ರಶ್ನೆಗೆ ಉತ್ತರ ಕಾಲಿನಲ್ಲಿದೆ. ಪ್ರೊಪೆಲ್ಲರ್ ಹಿಂದಕ್ಕೆ ತಳ್ಳುವ ಗಾಳಿ ಸುರುಳಿ ಸುತ್ತಿ ಬಾಲಕ್ಕೆ ಬಡಿಯುತ್ತದೆ. ಪಿಲಾಟಸ್‌ನಲ್ಲಿ ಪವರ್ ಕೊಟ್ಟೊಡನೆ ಮೂತಿ ಎಡಕ್ಕೆ ಹೊರಳುತ್ತದೆ. ಬಲಗಾಲಲ್ಲಿ ರಡ್ಡರ್ ಒತ್ತಬೇಕು, ವೇಗ ಏರಿದಂತೆ ಒತ್ತು ಸಡಿಲಿಸಬೇಕು. ತಪ್ಪಿದರೆ ಸ್ಲಿಪ್ ಬಾಲ್ ಪಕ್ಕಕ್ಕೆ ಜಾರುತ್ತದೆ, ಹಿಂದಿನ ಸೀಟಿನಿಂದ ಬೈಗುಳ ಬರುತ್ತದೆ. ಜೆಟ್‌ನಲ್ಲಿ ಕಾಲು ನಿದ್ದೆ ಹೊಡೆದರೂ ನಡೆದೀತು. ಅಮೆರಿಕದ ಟರ್ಬೊಪ್ರಾಪ್ ಟೆಕ್ಸಾನ್‌ನಲ್ಲಂತೂ ರಡ್ಡರ್ ಟ್ರಿಮ್ಮನ್ನು ಕಂಪ್ಯೂಟರೇ ತಿರುಗಿಸಿ ಕಾಲಿನ ಕೆಲಸವನ್ನು ಹಗುರ ಮಾಡುತ್ತದೆ. ಮಗ್ಗಿ ಕಲಿಯುವ ಮಗುವಿನ ಕೈಗೆ ಕ್ಯಾಲ್ಕುಲೇಟರ್!

ಇನ್ನು ಎಂಜಿನ್. ನನ್ನ ನಿಜವಾದ ಚಪಲ ಇದೇ. ಪಿಲಾಟಸ್‌ನ ಪಿಟಿ6ರಲ್ಲಿ ಪ್ರೊಪೆಲ್ಲರ್ ತಿರುಗಿಸುವ ಟರ್ಬೈನಿಗೂ ಕಂಪ್ರೆಸರ್‌ಗೂ ನಡುವೆ ಬಿಸಿಗಾಳಿಯ ನಂಟಷ್ಟೇ. ಪವರ್ ಕೇಳಿದರೆ ಮೊದಲು ಕಂಪ್ರೆಸರ್ ಓಟ ಹೆಚ್ಚಿಸಿಕೊಳ್ಳಬೇಕು. ಎಚ್‌ಟಿಟಿ-40ರ ಟಿಪಿಇ331ರಲ್ಲಿ ಕಂಪ್ರೆಸರ್, ಟರ್ಬೈನ್ ಒಂದೇ ಶಾಫ್ಟ್ ಮೇಲೆ; ಗೇರ್‌ಬಾಕ್ಸ್ ದಾಟಿದರೆ ಪ್ರೊಪೆಲ್ಲರ್. ಹಾರುವಾಗ ಆ ಶಾಫ್ಟ್ ನಿಮಿಷಕ್ಕೆ 41 ಸಾವಿರ ಸುತ್ತಿನ ಆಸುಪಾಸಿನಲ್ಲೇ ಇರುತ್ತದೆ. ಲಿವರ್ ನೂಕಿದರೆ ಇಂಧನ ಹೆಚ್ಚುತ್ತದೆ, ಅಲಗುಗಳು ಕೋನ ಬದಲಿಸಿ ಗಾಳಿಯನ್ನು ಕಚ್ಚುತ್ತವೆ. ಕಾಯುವ ಮಾತಿಲ್ಲ. ಬ್ರೆಜಿಲ್‌ನ ಮೂಲ ಟುಕಾನೊದಲ್ಲಿದ್ದ ಪಿಟಿ6 ತೆಗೆಸಿ ಬ್ರಿಟಿಷರು ಇದನ್ನೇ ಹಾಕಿಸಿದ್ದರು. ಬೆಲೆಯೂ ಉಂಟು: ನೆಲದ ಮೇಲೆ ಇದರ ಕೀರಲು ಕಿವಿ ಕೊರೆಯುತ್ತದೆ.

ಏರೋ ಇಂಡಿಯಾಕ್ಕೆ ಹೋದರೆ ಬೋರ್ಡ್ ಓದಬೇಡಿ, ನಿಂತ ವಿಮಾನದ ಅಲಗು ನೋಡಿ. ಪಿಟಿ6ರವು ಎದುರು ನಿಂತವರಿಗೆ ಅಂಚು ತೋರಿಸುತ್ತವೆ, ಟಿಪಿಇ331ರವು ಅಗಲವನ್ನು. ಸ್ಟಾರ್ಟ್ ಮಾಡುವಾಗ ಭಾರವಾಗದಿರಲೆಂದು ಟಿಪಿಇ331ರ ಅಲಗುಗಳಿಗೆ ಚಪ್ಪಟೆ ಕೋನದಲ್ಲೇ ಬೀಗ ಹಾಕಿರುತ್ತಾರೆ. ಎಂಜಿನ್ ಹತ್ತಿಕೊಂಡ ಮೇಲೆ ಪೈಲಟ್ ಲಿವರನ್ನು ರಿವರ್ಸ್ ಕಡೆಗೆ ಎಳೆದರೆ ಬೀಗ ಬಿಟ್ಟುಕೊಳ್ಳುತ್ತದೆ.