ಸೂರಿನ ಹನಿಗೊಂದು ಹೆಸರು

ಇಂಗ್ಲಿಷ್ ನಿಘಂಟುಗಳಲ್ಲಿ ಸ್ಥಾನ ಪಡೆದಿದ್ದರೂ ವಿದ್ವಾಂಸರ ಬಾಯಲ್ಲಿ ಸಹ ವಿರಳವಾಗಿ ಕೇಳಿಬರುವ ಶಬ್ದಗಳಲ್ಲಿ ‘ಸ್ಟಿಲಿಸೈಡ್’ ಎಂಬುದೊಂದು. ಆತ್ಮಹತ್ಯೆ, ನರಹತ್ಯೆಗಳನ್ನು ಹೇಳುವ ಪದಗಳ ಅಂತ್ಯವೇ ಇದಕ್ಕೂ ಇರುವುದರಿಂದ, ಇದೂ ಯಾವುದೋ ವಧೆಯ ಹೆಸರಾಗಿರಬೇಕೆಂದು ಓದುಗನು ಶಂಕಿಸುವುದು ಸಹಜ. ಆದರೆ ಆ ಪದಗಳ ಮೂಲ ಲ್ಯಾಟಿನ್ನಿನ ‘ಕೈದೆರೆ’, ಎಂದರೆ ಕಡಿ, ಕೊಲ್ಲು. ಇದರ ಮೂಲವಾದರೋ ‘ಕದೆರೆ’, ಎಂದರೆ ಬೀಳು. ‘ಸ್ಟಿಲ್ಲ’ ಎಂದರೆ ಹನಿ. ಇವೆರಡೂ ಕೂಡಿ ‘ಸ್ಟಿಲಿಕಿದಿಯುಮ್’, ಅರ್ಥಾತ್ ಹನಿಯ ಪತನ, ಎಂದಾಯಿತು.

ಸೂರಿನಂಚಿನಿಂದ ತೊಟ್ಟುತೊಟ್ಟಾಗಿ ಬೀಳುವ ಮಳೆಯ ನೀರಿಗೆ ಈ ಹೆಸರೆಂದೂ, ಎಡೆಬಿಡದೆ ಹರಿಯುವ ನೀರಿಗೆ ‘ಫ್ಲೂಮೆನ್’ ಎಂದೂ, ಕ್ರಿಸ್ತಪೂರ್ವ ಮೊದಲನೆಯ ಶತಮಾನದ ರೋಮನ್ ವಿದ್ವಾಂಸ ವರ್ರೊ ವಿಂಗಡಿಸಿದನು. ಈ ಸೂಕ್ಷ್ಮ ಭೇದವು ವ್ಯಾಕರಣದಲ್ಲಿಯೇ ನಿಂತುಬಿಡಲಿಲ್ಲ. ಮನೆಗೆ ಮನೆ ತಾಗಿ ನಿಂತಲ್ಲಿ ಒಬ್ಬನ ಸೂರಿನ ನೀರು ಮತ್ತೊಬ್ಬನ ನೆಲಕ್ಕೆ ಬೀಳುವುದು ಅನಿವಾರ್ಯವಾದುದರಿಂದ, ಹಾಗೆ ಬೀಳಿಸುವ ಅನುಭೋಗದ ಹಕ್ಕನ್ನು ರೋಮನ್ ನ್ಯಾಯಶಾಸ್ತ್ರವು ಇದೇ ಹೆಸರಿನಿಂದ ಕರೆಯಿತು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಪ್ರಕಟಿಸಿದ ‘ಡೈಜೆಸ್ಟ್’ ಸಂಹಿತೆಯ ಎಂಟನೆಯ ಪುಸ್ತಕದಲ್ಲಿ ನ್ಯಾಯವಿದ ಪೌಲುಸನ ನಿರ್ಣಯಗಳಿವೆ. ಹೆಂಚಿನಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ಮುಂದೆ ಹಲಗೆಯ ಮಾಡಿನಿಂದ ಬೀಳಿಸಲಾಗದು. ಸೂರನ್ನು ಎತ್ತರಿಸಬಹುದು, ಏಕೆಂದರೆ ಮೇಲಿನಿಂದ ಬೀಳುವ ಹನಿಯು ಮೆಲ್ಲನೆರಗುವುದಲ್ಲದೆ, ಕೆಲವೊಮ್ಮೆ ದಾರಿಯಲ್ಲಿಯೇ ಚದುರಿ ನೆರೆಯವನ ನೆಲವನ್ನು ಮುಟ್ಟದೆಯೂ ಹೋಗುವುದು. ತಗ್ಗಿಸಲಾಗದು; ಏಕೆಂದರೆ ಆಗ ಹನಿಯು ಧಾರೆಯಾಗಿ ನೆರೆಯವನಿಗೆ ಹೊರೆ ಹೆಚ್ಚುವುದು.

ಒಂದು ನೀರಹನಿಯ ನಡೆಯನ್ನು ಇಷ್ಟು ತಾಳ್ಮೆಯಿಂದ ಗಮನಿಸಿ, ಅದರ ಮೇಲೆ ಇಬ್ಬರು ನೆರೆಯವರ ಹಕ್ಕುಬಾಧ್ಯತೆಗಳನ್ನು ನಿಲ್ಲಿಸಿದ ಬುದ್ಧಿಯು ಗೌರವಾರ್ಹವಾದುದು. ಸ್ಕಾಟ್ಲೆಂಡಿನ ಕಾನೂನು ಆ ಹಕ್ಕನ್ನೂ ಹೆಸರನ್ನೂ ಸ್ವೀಕರಿಸಿತು. ಕಾವ್ಯದಲ್ಲಿಯೂ ಈ ಪದಕ್ಕೆ ಎಡೆ ದೊರೆಯಿತು: ಯೌವನದಲ್ಲಿ ವಾಸ್ತುಶಿಲ್ಪವನ್ನು ಅಭ್ಯಸಿಸಿದ್ದ ಇಂಗ್ಲಿಷ್ ಸಾಹಿತಿ ಥಾಮಸ್ ಹಾರ್ಡಿಯು 1898ರ ತನ್ನ ಪ್ರಥಮ ಕವನಸಂಗ್ರಹದಲ್ಲಿ, ಗತಿಸಿದವರ ಮೆಲುದನಿಗೆ ಹೋಲಿಕೆಯಾಗಿ ಗುಹೆಯೊಂದರೊಳಗೆ ತೊಟ್ಟಿಕ್ಕುವ ನೀರಿಗೆ ಈ ಶಬ್ದವನ್ನೇ ಬಳಸಿದನು. ಸೂರನ್ನು ಬಿಟ್ಟರೂ ಹನಿಯನ್ನು ಆತ ಬಿಡಲಿಲ್ಲ.

ಅಪರೂಪದ ಪದವು ಪಾಂಡಿತ್ಯದ ಆಭರಣವಲ್ಲ. ಬೇರಾವ ಪದವೂ ಅಷ್ಟು ಖಚಿತವಾಗಿ ಹೇಳಲಾರದ ವಸ್ತುವೊಂದು ಎದುರಿಗಿದ್ದಾಗ ಮಾತ್ರ ಅದಕ್ಕೆ ಸ್ಥಾನವುಂಟು. ಆದಕಾರಣ ಸ್ಟಿಲಿಸೈಡನ್ನು ಬಳಸಬಯಸುವ ಲೇಖಕನು ಸುರಿಮಳೆಗಾಗಲಿ ಜಲಪಾತಕ್ಕಾಗಲಿ ಅದನ್ನು ವ್ಯಯಮಾಡದೆ, ಹನಿಹನಿಯಾಗಿ ಬೀಳುವ ನೀರಿಗೇ ಮೀಸಲಿಡಬೇಕು.